ಅಡುಗೆಮನೆಯ ಹೊಗೆಗೆ ಹೊರದಾರಿ

ತರ್ಕಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಅಡುಗೆಮನೆಯ ಪ್ರಸ್ತಾಪ ಬರುತ್ತದೆ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಆದುದರಿಂದ ಅಲ್ಲಿ ಬೆಂಕಿ ಇದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಇದಕ್ಕೆ ದೃಷ್ಟಾಂತವೇನೆಂದರೆ, ಅಡುಗೆಮನೆ. ಈ ಮಾತನ್ನು ತಿರುಗಿಸಿ ಹೇಳಲಾಗದೆಂಬುದನ್ನೂ ನಮ್ಮ ನೈಯಾಯಿಕರು ಮರೆಯಲಿಲ್ಲ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಲೇಬೇಕೆಂದಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಇಂದಿನ ಅಡುಗೆಮನೆಯ ಗ್ಯಾಸ್ ಒಲೆ ಈ ಕಬ್ಬಿಣದ ಗುಂಡಿನ ಜಾತಿಗೆ ಸೇರಿದ್ದು. ನೀಲಿ ಜ್ವಾಲೆ, ಮಸಿ ಹಿಡಿಯದ ಪಾತ್ರೆ, ಕಣ್ಣೀರು ಬರಿಸದ ಗಾಳಿ. ಹೀಗಿರುವಾಗ ಈ ಒಲೆಯ ಮೇಲೆ ಗೋಡೆಗೊಂದು ಲೋಹದ ಪೆಟ್ಟಿಗೆಯನ್ನು ತೂಗುಹಾಕಿ, ವಿದ್ಯುತ್ತನ್ನು ವೆಚ್ಚಮಾಡಿ ಗಾಳಿಯನ್ನು ಹೊರದೂಡುವ ಅಗತ್ಯವೇನು?

ಉತ್ತರವನ್ನು ರಸಾಯನಶಾಸ್ತ್ರದ ಒಂದು ಸಣ್ಣ ಲೆಕ್ಕದಿಂದ ಪಡೆಯಬಹುದು. ಸಿಲಿಂಡರಿನಲ್ಲಿ ಬರುವ ಅನಿಲ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. 44 ಗ್ರಾಂ ಪ್ರೊಪೇನ್ ಪೂರ್ಣವಾಗಿ ಉರಿದಾಗ 132 ಗ್ರಾಂ ಇಂಗಾಲದ ಡೈಆಕ್ಸೈಡೂ 72 ಗ್ರಾಂ ನೀರಾವಿಯೂ ಹುಟ್ಟುತ್ತವೆ. ಬ್ಯೂಟೇನಿನ ಲೆಕ್ಕವೂ ಹೆಚ್ಚುಕಡಮೆ ಇದೇ. ಎಂದರೆ 14.2 ಕಿಲೋಗ್ರಾಂ ಅನಿಲವಿರುವ ಒಂದು ಸಿಲಿಂಡರು ಖಾಲಿಯಾಗುವ ವೇಳೆಗೆ ಸುಮಾರು 43 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಮತ್ತು 22 ಕಿಲೋಗ್ರಾಂಗೂ ಮೀರಿದ ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತವೆ. ತಿಂಗಳಿಗೊಂದು ಸಿಲಿಂಡರನ್ನು ಉರಿಸುವ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ನೀರು ಒಲೆಯ ಜ್ವಾಲೆಯಿಂದಲೇ ಹುಟ್ಟುತ್ತದೆಂದಾಯಿತು. ಅನ್ನ ಸಾರುಗಳಿಂದ ಏಳುವ ಆವಿ ಬೇರೆ. ಇವೆರಡೂ ವಿಷವಸ್ತುಗಳಲ್ಲ. ಆದರೆ ಜ್ವಾಲೆಯ ಉಷ್ಣತೆಯಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಸಂಯೋಗವಾಗಿ ಸಾರಜನಕದ ಆಕ್ಸೈಡುಗಳು ಉಂಟಾಗುತ್ತವೆ. ಇವು ಶ್ವಾಸನಾಳಗಳನ್ನು ಕೆರಳಿಸತಕ್ಕವು. ಉಬ್ಬಸವಿರುವ ಮಕ್ಕಳಿಗೆ ವಿಶೇಷವಾಗಿ ತೊಂದರೆ ಕೊಡತಕ್ಕವು. ಬರ್ನರಿನ ರಂಧ್ರಗಳು ಕಟ್ಟಿಕೊಂಡು ಜ್ವಾಲೆ ಹಳದಿಯಾಯಿತೆಂದರೆ ಕಾರ್ಬನ್ ಮಾನಾಕ್ಸೈಡೂ ಹುಟ್ಟಬಹುದು.

ಇದರ ಮೇಲೆ ನಮ್ಮ ಒಗ್ಗರಣೆ. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿಯುವುದು ಅದರೊಳಗಿನ ತೇವ ಹಠಾತ್ತಾಗಿ ಆವಿಯಾಗುವುದರಿಂದ. ತೊಳೆದ ಕರಿಬೇವನ್ನು ಹಾಕಿದಾಗ ಚುರ್ರೆಂದು ಏಳುವ ಸದ್ದೂ ಅದೇ ಕಾರಣದ್ದು. ಪ್ರತಿಯೊಂದು ನೀರಿನ ಹನಿಯೂ ಆವಿಯಾಗಿ ಹಿಗ್ಗುವಾಗ ಎಣ್ಣೆಯನ್ನು ಸೂಕ್ಷ್ಮವಾದ ತುಂತುರಾಗಿ ಒಡೆದು ಮೇಲಕ್ಕೆಸೆಯುತ್ತದೆ. ದಪ್ಪ ಹನಿಗಳು ಕಟ್ಟೆಯ ಮೇಲೆ ಬೀಳುತ್ತವೆ. ಸಣ್ಣವು ಗಾಳಿಯಲ್ಲಿ ತೇಲುತ್ತಾ ಮನೆಯೆಲ್ಲ ತಿರುಗಿ, ಕಪಾಟಿನ ಮೇಲೆ, ಪುಸ್ತಕಗಳ ಮೇಲೆ, ಉಸಿರಾಡುವವರ ಪುಪ್ಪುಸಗಳಲ್ಲಿ ನೆಲಸುತ್ತವೆ. ಒಣಮೆಣಸಿನಕಾಯಿ ಹುರಿದ ಮನೆಯಲ್ಲಿ ಮೂರನೆಯ ಕೋಣೆಯವನೂ ಕೆಮ್ಮುವುದರಿಂದ ಈ ಕಣಗಳ ಪ್ರಯಾಣವನ್ನು ಯಾರಾದರೂ ಅಳೆಯಬಹುದು.

ಸೌದೆಯ ಹೊಗೆಗೆ ಹೋಲಿಸಿದರೆ ಇದು ಅಲ್ಪವೆಂದು ಒಪ್ಪಲೇಬೇಕು. ಸೌದೆ, ಬೆರಣಿ, ಸೀಮೆಎಣ್ಣೆ ಮುಂತಾದವುಗಳಿಂದ ಮನೆಯೊಳಗಿನ ಗಾಳಿ ಕೆಟ್ಟು 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಅಕಾಲದಲ್ಲಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆ ಹೊಗೆಗೆ ದಾರಿ ಮಾಡಿಕೊಡಲೆಂದೇ ಹಿಂದಿನವರು ಮನೆಗಳಿಗೆ ಹೊಗೆಗೂಡುಗಳನ್ನು ಕಟ್ಟಿಸುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ರೂಪಿಸಿದ ಮೂರು ಪಾತ್ರೆಗಳ ಅಸ್ತ್ರ ಒಲೆಯಲ್ಲಿಯೂ ಹೊಗೆಯ ಕೊಳವೆ ಮುಖ್ಯವಾದ ಅಂಗವೇ. ಇವೆಲ್ಲವುಗಳಲ್ಲಿ ಕೆಲಸ ಮಾಡುವುದು ಬೆಂಕಿಯ ಶಾಖವೇ ಹೊರತು ಬೇರೊಂದು ಯಂತ್ರವಲ್ಲ. ಕೊಳವೆಯೊಳಗಿನ ಬಿಸಿಗಾಳಿ ಹಗುರ, ಹೊರಗಿನ ತಣ್ಣನೆಯ ಗಾಳಿ ಭಾರ. ಈ ಭಾರದ ವ್ಯತ್ಯಾಸವೇ ಹೊಗೆಯನ್ನು ಮೇಲಕ್ಕೆ ನೂಕುವ ಒತ್ತಡವಾಗುತ್ತದೆ. ಕೊಳವೆ ಎತ್ತರವಾದಷ್ಟೂ, ಹೊಗೆ ಬಿಸಿಯಾದಷ್ಟೂ ಸೆಳೆತ ಹೆಚ್ಚು.

ಈಗ ಅಂಗಡಿಗಳಲ್ಲಿ 'ಚಿಮ್ನಿ' ಎಂದು ಮಾರುವ ಉಪಕರಣ ಈ ಅರ್ಥದಲ್ಲಿ ಚಿಮಣಿಯೇ ಅಲ್ಲ. (ನಮ್ಮ ಅಜ್ಜಿಯರಿಗಂತೂ ಚಿಮಣಿ ಎಂದರೆ ಸೀಮೆಎಣ್ಣೆಯ ದೀಪ.) ಇದು ಕೆಳಮೊಗವಾದ ಒಂದು ಕೊಡೆ, ಅದರ ಬಾಯಿಗೊಂದು ಜಾಲರಿ, ಒಳಗೊಂದು ವಿದ್ಯುತ್ ಪಂಕ, ಹಿಂದುಗಡೆ ಗಾಳಿಯನ್ನು ಹೊರಗೊಯ್ಯುವ ಕೊಳವೆ, ಇಷ್ಟೇ. ಆದರೂ ಜನ ಬಳಸುವ ಹೆಸರನ್ನು ಬಿಟ್ಟು ಹೊಸದೊಂದನ್ನು ಟಂಕಿಸುವುದರಿಂದ ಲಾಭವಿಲ್ಲವಾದ್ದರಿಂದ ಇಲ್ಲಿಯೂ ಚಿಮ್ನಿ ಎಂದೇ ಕರೆಯೋಣ. ಇದನ್ನು ಕೂಡಿಸುವಾಗಲೂ ನಡೆಸುವಾಗಲೂ ನೆನಪಿಡಬೇಕಾದ ಭೌತಶಾಸ್ತ್ರದ ಸಂಗತಿಗಳು ಎರಡು. ದೂರದಲ್ಲಿರುವ ಹೊಗೆಯನ್ನು ಚಿಮ್ನಿ ಎಳೆದುಕೊಳ್ಳಲಾರದು. ತಾನಾಗಿ ಮೇಲೇರಿ ಬಂದುದನ್ನು ಹಿಡಿದು ಹೊರಹಾಕಬಲ್ಲುದು, ಅಷ್ಟೆ. ಇದು ಮೊದಲನೆಯದು. ಅದು ಹೊರಹಾಕಿದಷ್ಟೇ ಗಾಳಿ ಇನ್ನೆಲ್ಲಿಂದಲೋ ಮನೆಯೊಳಕ್ಕೆ ಬರಲೇಬೇಕೆಂಬುದು ಎರಡನೆಯದು. ಮೊದಲನೆಯದನ್ನು ಮರೆತರೆ ಹಣ ವ್ಯರ್ಥ. ಎರಡನೆಯದನ್ನು ಮರೆತರೆ ಪ್ರಾಣಕ್ಕೇ ಅಪಾಯವುಂಟು.

ಊದುವುದೂ ಎಳೆಯುವುದೂ

ಉರಿಯುತ್ತಿರುವ ಮೇಣದ ಬತ್ತಿಯನ್ನು ಒಂದು ಅಡಿ ದೂರದಲ್ಲಿಟ್ಟು ಊದಿ ನೋಡಿ, ಸುಲಭವಾಗಿ ಆರುತ್ತದೆ. ಅದೇ ದೂರದಿಂದ ಉಸಿರನ್ನು ಒಳಕ್ಕೆಳೆದು ಆರಿಸಲು ಪ್ರಯತ್ನಿಸಿ. ಎಷ್ಟು ಬಲವಾಗಿ ಎಳೆದರೂ ಜ್ವಾಲೆ ಅಲುಗಾಡುವುದೂ ಕಷ್ಟ. ತರಗತಿಯಲ್ಲಿ ಈ ಪ್ರಯೋಗವನ್ನು ಮಾಡಿಸಿದಾಗ ವಿದ್ಯಾರ್ಥಿಗಳು ನಗುತ್ತಾರೆ, ಆಮೇಲೆ ಯೋಚಿಸತೊಡಗುತ್ತಾರೆ. ಊದಿದ ಗಾಳಿ ತನ್ನ ಜಡತ್ವದಿಂದ ಒಂದೇ ದಿಕ್ಕಿಗೆ ಧಾರೆಯಾಗಿ ಹರಿಯುತ್ತದೆ. ಎಳೆದ ಗಾಳಿಯಾದರೋ ಬಾಯಿಯ ಸುತ್ತಲಿನ ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ಗೋಳದ ಮೇಲ್ಮೈ ತ್ರಿಜ್ಯದ ವರ್ಗಕ್ಕನುಗುಣವಾಗಿ ಹೆಚ್ಚುವುದರಿಂದ ಎಳೆತದ ವೇಗ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ.

ಚಿಮ್ನಿಗೆ ಈ ಲೆಕ್ಕವನ್ನು ಅನ್ವಯಿಸೋಣ. ಗಂಟೆಗೆ 600 ಘನ ಮೀಟರ್ ಗಾಳಿಯನ್ನು ನಿಜವಾಗಿಯೂ ಎಳೆಯುವ ಒಂದು ಚಿಮ್ನಿ ಇದೆಯೆನ್ನಿ. ಅದರ ಬಾಯಿಂದ 60 ಸೆಂ.ಮೀ. ಕೆಳಗೆ, ಅರ್ಧಗೋಳದ ಲೆಕ್ಕ ಹಿಡಿದರೂ, ಗಾಳಿಯ ವೇಗ ಸೆಕೆಂಡಿಗೆ ಸುಮಾರು 7 ಸೆಂ.ಮೀ. ಮಾತ್ರ. ಒಲೆಯ ಪಕ್ಕದಲ್ಲಿ ಒಬ್ಬರು ನಡೆದುಹೋದರೆ ಏಳುವ ಗಾಳಿ ಇದಕ್ಕಿಂತ ಬಲವಾದುದು. ಹಾಗಾದರೆ ಚಿಮ್ನಿ ಕೆಲಸ ಮಾಡುವುದು ಹೇಗೆ? ಬಾಣಲೆಯ ಮೇಲಿನ ಬಿಸಿಗಾಳಿ ಹಗುರವಾದ್ದರಿಂದ ತಾನಾಗಿಯೇ ಒಂದು ಕಂಬದಂತೆ ಮೇಲೇರುತ್ತದೆ. ಆ ಕಂಬದ ತಲೆಯನ್ನು ಕೊಡೆಯೊಳಗೆ ಹಿಡಿದು, ಅದು ಹೊರಚೆಲ್ಲುವ ಮೊದಲೇ ಸಾಗಹಾಕುವುದು ಪಂಕದ ಕೆಲಸ. ಒಳ್ಳೆಯ ಬೆಸ್ತ ಹೊಳೆಯ ಮೀನನ್ನು ಅಟ್ಟಿಕೊಂಡು ಹೋಗುವುದಿಲ್ಲ. ಅದು ಬರುವ ದಾರಿಯಲ್ಲಿ ಬಲೆ ಒಡ್ಡುತ್ತಾನೆ.

ಬಿಸಿಗಾಳಿಯ ಕಂಬ ಮೇಲೇರುತ್ತ ಸುತ್ತಣ ತಣ್ಣನೆಯ ಗಾಳಿಯನ್ನೂ ತನ್ನೊಳಕ್ಕೆ ಸೇರಿಸಿಕೊಂಡು ದಪ್ಪವಾಗುತ್ತದೆ. ಇದರ ಗಣಿತವನ್ನು 1956ರಲ್ಲಿ ಮಾರ್ಟನ್, ಟೇಲರ್ ಮತ್ತು ಟರ್ನರ್ ಎಂಬ ಮೂವರು ವಿಜ್ಞಾನಿಗಳು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಶಾಖದ ಮೂಲವನ್ನು ಒಂದು ಬಿಂದುವೆಂದು ಭಾವಿಸಿದರೆ, ಕಂಬದಲ್ಲಿ ಹರಿಯುವ ಗಾಳಿಯ ಗಾತ್ರ ಎತ್ತರದ 5/3ನೆಯ ಘಾತಕ್ಕನುಗುಣವಾಗಿ ಹೆಚ್ಚುತ್ತದೆ. ಎತ್ತರ 60 ಸೆಂ.ಮೀ.ನಿಂದ 90 ಸೆಂ.ಮೀ.ಗೆ ಏರಿದರೆ ಗಾಳಿಯ ಗಾತ್ರ ಬಹುಮಟ್ಟಿಗೆ ಇಮ್ಮಡಿಯಾಯಿತು. ಅಗಲವಾದ ಬಾಣಲೆಗೆ ಈ ಹೆಚ್ಚಳ ಸ್ವಲ್ಪ ಕಡಮೆ. ಆದರೂ ತತ್ತ್ವ ಒಂದೇ. ಮೇಲೆ ತೂಗುಹಾಕಿದಷ್ಟೂ ಅದೇ ಹೊಗೆಯನ್ನು ಹಿಡಿಯಲು ಪಂಕ ಹೆಚ್ಚು ಗಾಳಿಯನ್ನು ಎಳೆಯಬೇಕಾಗುತ್ತದೆ. ಹಾಗೆಂದು ತೀರ ಕೆಳಗೆ ತಂದರೆ ಜಾಲರಿಯಲ್ಲಿ ಹಿಡಿದ ಜಿಡ್ಡು ಕಾದು ಹೊತ್ತಿಕೊಳ್ಳುವ ಭಯ. ಅಡುಗೆ ಮಾಡುವವರ ಹಣೆಗೂ ಏಟು. ಈ ಎರಡು ಕಾರಣಗಳ ನಡುವಣ ಒಪ್ಪಂದವೇ ಸಾಮಾನ್ಯವಾಗಿ ಹೇಳುವ 65ರಿಂದ 75 ಸೆಂ.ಮೀ. ಎತ್ತರ. ತಯಾರಕರು ಕೊಡುವ ಕೈಪಿಡಿಯಲ್ಲಿ ಗ್ಯಾಸ್ ಒಲೆಗೆಂದು ಬೇರೆ ಅಂಕಿಯಿದ್ದರೆ ಅದನ್ನೇ ಅನುಸರಿಸಬೇಕು. ಈ ಅಂತರವನ್ನು ಒಲೆಯ ಮೇಲ್ಭಾಗದಿಂದ ಅಳೆಯತಕ್ಕದ್ದು, ಕಟ್ಟೆಯ ಕಲ್ಲಿನಿಂದಲ್ಲ. ಕಟ್ಟೆಯ ಮೇಲೆ ಇಡುವ ಒಲೆಗಳ ಎತ್ತರವನ್ನು ಬಡಗಿ ಮರೆಯುವುದುಂಟು.

ಅಗಲದ ವಿಷಯವೂ ಇದರಿಂದಲೇ ತಿಳಿಯುತ್ತದೆ. ಕಂಬ ಪ್ರತಿ ಬದಿಗೂ ಎತ್ತರದ ಸುಮಾರು ಎಂಟನೆಯ ಒಂದು ಪಾಲಿನಷ್ಟು ಹರಡುತ್ತದೆ, 70 ಸೆಂ.ಮೀ. ಎತ್ತರದಲ್ಲಿ ಸುಮಾರು 9 ಸೆಂ.ಮೀ. ಆದಕಾರಣ ಚಿಮ್ನಿ ಒಲೆಗಿಂತ ಕಿರಿದಾಗಿರಲೇಕೂಡದು. ನಾಲ್ಕು ಬರ್ನರಿನ ಅಗಲ ಒಲೆಯ ಮೇಲೆ 60 ಸೆಂ.ಮೀ. ಚಿಮ್ನಿಯನ್ನು ಹಾಕಿಸಿ, ಮೋಟಾರಿನ ಶಕ್ತಿ ಹೆಚ್ಚಿದೆಯೆಂದು ಸಮಾಧಾನಪಟ್ಟುಕೊಳ್ಳುವುದು ಸೋರುವ ಮನೆಯಲ್ಲಿ ದೊಡ್ಡ ಚೆಂಬಿಗೆ ಬದಲು ಆಳವಾದ ಚೆಂಬನ್ನು ಇಟ್ಟಂತೆ. ಅಮೆರಿಕದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯದವರು 2012ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಒಲೆಯಿಂದೆದ್ದ ಅನಿಲಗಳಲ್ಲಿ ಚಿಮ್ನಿ ಹಿಡಿದ ಪಾಲು ಒಂದು ಸಂದರ್ಭದಲ್ಲಿ ನೂರಕ್ಕೆ 15ಕ್ಕೂ ಕಡಮೆ, ಇನ್ನೊಂದರಲ್ಲಿ 98ಕ್ಕೂ ಹೆಚ್ಚು. ಗೋಡೆಗೆ ಹತ್ತಿರವಾದ ಹಿಂಬದಿಯ ಬರ್ನರುಗಳಲ್ಲಿ ಅಡುಗೆ ಮಾಡಿದಾಗ ಫಲ ಉತ್ತಮವಾಗಿತ್ತು. ಮುಂಬದಿಯ ಬರ್ನರಿನಿಂದೆದ್ದ ಕಂಬ ಕೊಡೆಯ ಅಂಚನ್ನು ತಪ್ಪಿಸಿಕೊಂಡು ಅಡುಗೆಯವರ ಮುಖದ ಕಡೆಗೇ ಸಾಗುತ್ತದೆ. ಒಗ್ಗರಣೆಯನ್ನೂ ಕರಿಯುವುದನ್ನೂ ಹಿಂಬದಿಯ ಒಲೆಗೆ ಬಿಡುವುದು ಖರ್ಚಿಲ್ಲದ ಸುಧಾರಣೆ.

ಚಿಮ್ನಿ ನಡೆಯುವಾಗ ಅಡುಗೆಮನೆಯ ಚಾವಣಿಯ ಫ್ಯಾನನ್ನು ಹಾಕುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಸೆಕೆಗೆ ಏನು ಮಾಡುವುದು ಎಂದು ಕೇಳುತ್ತಾರೆ, ನ್ಯಾಯವೇ. ಆದರೆ ಸೆಕೆಂಡಿಗೆ ಒಂದು ಮೀಟರಿನ ಗಾಳಿ ಮೇಲಿಂದ ಬೀಸಿದರೆ ಹೊಗೆಯ ಕಂಬ ಮುರಿದು ಚದರುವುದೂ ಅಷ್ಟೇ ನ್ಯಾಯವಾದುದು. ಒಲೆಗೆ ಎದುರಾಗಿ ಕಿಟಕಿಯಿದ್ದರೂ ಇದೇ ಫಲ.

ಕೊಳವೆಯ ಲೆಕ್ಕ

ಜಾಹೀರಾತುಗಳಲ್ಲಿ ಗಂಟೆಗೆ 1000, 1200 ಘನ ಮೀಟರ್ ಎಂಬ ಅಂಕಿಗಳು ಕಾಣುತ್ತವೆ. 3 ಮೀಟರ್ ಉದ್ದ, 2.5 ಮೀಟರ್ ಅಗಲ, 3 ಮೀಟರ್ ಎತ್ತರದ ಅಡುಗೆಮನೆಯಲ್ಲಿರುವ ಗಾಳಿಯೇ 22.5 ಘನ ಮೀಟರ್. ಗಂಟೆಗೆ 1000 ಘನ ಮೀಟರ್ ಎಂದರೆ ಆ ಗಾಳಿಯನ್ನೆಲ್ಲ ಒಂದೂವರೆ ನಿಮಿಷದೊಳಗೆ ಹೊರಹಾಕಿದಂತೆ. ಈ ಅಂಕಿಯನ್ನು ನಂಬಿ ಕೊಳ್ಳುವ ಮೊದಲು ಕೊಳವೆಯನ್ನು ನೋಡಬೇಕು. ಯಾವ ಪಂಕವೇ ಆಗಲಿ, ಎದುರು ಒತ್ತಡ ಹೆಚ್ಚಿದಂತೆ ಕಡಮೆ ಗಾಳಿಯನ್ನು ಸಾಗಿಸುತ್ತದೆ. ಜಾಹೀರಾತಿನ ಅಂಕಿ ಸಾಮಾನ್ಯವಾಗಿ ತಡೆ ಅತ್ಯಲ್ಪವಿದ್ದಾಗಿನದು.

ಗಂಟೆಗೆ 600 ಘನ ಮೀಟರ್ ಗಾಳಿ 15 ಸೆಂ.ಮೀ. ವ್ಯಾಸದ ಕೊಳವೆಯಲ್ಲಿ ಸೆಕೆಂಡಿಗೆ 9.4 ಮೀಟರ್ ವೇಗದಿಂದ ಹರಿಯುತ್ತದೆ. ಗೋಡೆಯಲ್ಲಿ ತೂತು ಸಣ್ಣದಾಯಿತೆಂದು 10 ಸೆಂ.ಮೀ. ಕೊಳವೆಯನ್ನು ಹಾಕಿದರೆ ಅದೇ ಗಾಳಿಗೆ 21 ಮೀಟರ್ ವೇಗ ಬೇಕು. ಈ ವೇಗವನ್ನು ಕೊಡಲು ಬೇಕಾದ ಒತ್ತಡ ವೇಗದ ವರ್ಗಕ್ಕನುಗುಣವಾಗಿ ಏರುವುದರಿಂದ 53 ಪಾಸ್ಕಲಿನಿಂದ 270 ಪಾಸ್ಕಲಿಗೆ ನೆಗೆಯುತ್ತದೆ. ಕೊಳವೆಯ ಘರ್ಷಣೆಯಾದರೆ ವ್ಯಾಸದ ಐದನೆಯ ಘಾತಕ್ಕೆ ವಿಲೋಮ. ಏಳೂವರೆ ಪಟ್ಟು ಹೆಚ್ಚಳ. ಪಂಕಕ್ಕೆ ಅಷ್ಟು ಶಕ್ತಿ ಇರುವುದಿಲ್ಲ; ಆದ್ದರಿಂದ ಗಾಳಿಯೇ ಇಳಿದುಹೋಗುತ್ತದೆ, ಸದ್ದು ಏರುತ್ತದೆ. ಅಕಾರ್ಡಿಯನ್ನಿನಂತೆ ಮಡಿಕೆ ಮಡಿಕೆಯಾದ ಅಲ್ಯುಮಿನಿಯಂ ಹಾಳೆಯ ಕೊಳವೆಯನ್ನು ಪೂರ್ತಿ ಎಳೆಯದೆ ಸೊಟ್ಟಗೆ ಬಿಟ್ಟರೂ ಹಾಗೆಯೇ, ಒಂದರ ಮೇಲೊಂದು ತಿರುವು ಕೊಟ್ಟರೂ ಹಾಗೆಯೇ. ಕೊಳವೆ ಅಗಲವಾಗಿ, ಗಿಡ್ಡವಾಗಿ, ನೆಟ್ಟಗೆ, ಒಳಗೆ ನಯವಾಗಿ ಇರಬೇಕು. ಪ್ಲಾಸ್ಟಿಕ್ಕಿನದು ಬೇಡ; ಜಿಡ್ಡಿಗೆ ಬೆಂಕಿ ತಗುಲಿದರೆ ಲೋಹದ ಕೊಳವೆ ಅದನ್ನು ಸ್ವಲ್ಪಕಾಲವಾದರೂ ಒಳಗಿರಿಸಬಲ್ಲುದು.

ಕೊಳವೆಯ ತುದಿ ಬಯಲಿಗೇ ತೆರೆಯಬೇಕು. ಅಟ್ಟಕ್ಕೋ ಅಲಂಕಾರದ ಒಳಚಾವಣಿಯ ಮೇಲಕ್ಕೋ ಬಿಟ್ಟರೆ ಅಲ್ಲಿ ವರ್ಷಾನುಗಟ್ಟಲೆ ಎಣ್ಣೆಯ ಪದರ ಕೂಡುತ್ತಾ ಹೋಗುತ್ತದೆ. ವಿದ್ಯುತ್ತಿನ ತಂತಿಗಳೂ ಅಲ್ಲಿಯೇ ಇರುತ್ತವೆ. ಕರಾವಳಿಯಲ್ಲಿ ಪಶ್ಚಿಮದ ಗೋಡೆಗೆ ಬಾಯಿ ಬಿಡದಿರುವುದು ಲೇಸು. ಸೆಕೆಂಡಿಗೆ 10 ಮೀಟರ್ ವೇಗದ ಮುಂಗಾರು ಗಾಳಿ ಗೋಡೆಯ ಮೇಲೆ ಸುಮಾರು 60 ಪಾಸ್ಕಲ್ ಒತ್ತಡ ಹೇರುತ್ತದೆ. ಇದು ಆಗತಾನೆ ಲೆಕ್ಕಹಾಕಿದ ಕೊಳವೆಯ ಒತ್ತಡಕ್ಕೆ ಸರಿಸಮ. ಮಳೆ ಹೊಗದಂತೆ ಮುಚ್ಚಳ, ಹಿಂದಕ್ಕೆ ಗಾಳಿ ಬಾರದಂತೆ ತಾನಾಗಿ ಬೀಳುವ ರೆಕ್ಕೆಬಾಗಿಲು ಇರಬೇಕು. ಪಾರಿವಾಳಗಳು ಗೂಡು ಕಟ್ಟದಂತೆ ನೋಡಿಕೊಳ್ಳುವುದೂ ಕೂಡಿಸುವವನ ಕೆಲಸವೇ.

ಕೊಳವೆಯೇ ಇಲ್ಲದ, ಗಾಳಿಯನ್ನು ಇದ್ದಿಲಿನ ಶೋಧಕದ ಮೂಲಕ ಹಾಯಿಸಿ ಮತ್ತೆ ಕೋಣೆಗೇ ಬಿಡುವ ಚಿಮ್ನಿಗಳೂ ಇವೆ. ಇದ್ದಿಲು ವಾಸನೆಯ ಅಣುಗಳನ್ನು ತನ್ನ ಮೇಲ್ಮೈಯಲ್ಲಿ ಹಿಡಿದಿಡುತ್ತದೆ. ಆದರೆ ಕಾರ್ಬನ್ ಮಾನಾಕ್ಸೈಡನ್ನಾಗಲಿ, ನೀರಾವಿಯನ್ನಾಗಲಿ, ಸೆಕೆಯನ್ನಾಗಲಿ ಅದು ತೆಗೆಯಲಾರದು. ಗ್ಯಾಸ್ ಒಲೆಯಿರುವ ಮನೆಗೆ ಇಂಥದನ್ನು ನಾನು ಶಿಫಾರಸು ಮಾಡಲಾರೆ.

ಒಳಬರುವ ಗಾಳಿ

ಹೆಂಚಿನ ಮನೆಗಳಲ್ಲಿ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಹೆಂಚಿನ ಸಂದುಗಳು, ಮರದ ಬಾಗಿಲ ಬಿರುಕುಗಳು, ಬೆಳಕಿಂಡಿಗಳು, ಎಲ್ಲವೂ ಗಾಳಿಗೆ ದಾರಿಯೇ. ಈಗಿನ ಕಾಂಕ್ರೀಟಿನ ಮನೆಗಳ ಕಿಟಕಿಗಳು ರಬ್ಬರಿನ ಅಂಚುಗಳಿಂದ ಬಿಗಿಯಾಗಿ ಮುಚ್ಚುತ್ತವೆ. ಸೊಳ್ಳೆ, ಧೂಳು, ಬೀದಿಯ ಗದ್ದಲಗಳ ಭಯದಿಂದ ಅವನ್ನು ತೆರೆಯುವುದೇ ಅಪರೂಪ. ಇಂಥ ಮನೆಯಲ್ಲಿ ಚಿಮ್ನಿಯನ್ನು ಪೂರ್ಣವೇಗದಲ್ಲಿ ನಡೆಸಿದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಇಳಿಯುತ್ತದೆ. ಇಳಿದ ಒತ್ತಡ ಎಲ್ಲಿಂದಾದರೂ ಗಾಳಿಯನ್ನು ಎಳೆದುಕೊಳ್ಳುತ್ತದೆ: ಬಚ್ಚಲಿನ ಜಾಲಂಧ್ರದಿಂದ, ಮೋರಿಯಿಂದ. ಎಲ್ಲಕ್ಕಿಂತ ಭಯಂಕರವಾದುದು, ಬೇರೊಂದು ಬೆಂಕಿಯ ಹೊಗೆಗೊಳವೆಯಿಂದ.

ಸ್ನಾನದ ನೀರು ಕಾಯಿಸುವ ಗ್ಯಾಸ್ ಗೀಸರಿನಿಂದ ಹೊರಕ್ಕೆ ಹೋಗುವ ಕೊಳವೆಯನ್ನು ಯೋಚಿಸಿ. ಅದು 2 ಮೀಟರ್ ಎತ್ತರವಿದ್ದು ಒಳಗಿನ ಅನಿಲ 100 ಡಿಗ್ರಿ ಸೆಂಟಿಗ್ರೇಡ್ ಇದೆಯೆನ್ನೋಣ. ಒಳಗಿನ ಸಾಂದ್ರತೆ ಘನ ಮೀಟರಿಗೆ 0.95 ಕಿಲೋಗ್ರಾಂ, ಹೊರಗಿನದು 1.18. ವ್ಯತ್ಯಾಸವನ್ನು ಎತ್ತರದಿಂದಲೂ ಗುರುತ್ವವೇಗೋತ್ಕರ್ಷದಿಂದಲೂ ಗುಣಿಸಿದರೆ ದೊರೆಯುವ ಸೆಳೆತ ಸುಮಾರು 4.5 ಪಾಸ್ಕಲ್. ಅರ್ಧ ಮಿಲಿಮೀಟರ್ ನೀರಿನ ಭಾರಕ್ಕಿಂತಲೂ ಇದು ಕಡಮೆ! ಅಡುಗೆಮನೆಯ ಚಿಮ್ನಿ ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಹತ್ತಾರು ಪಾಸ್ಕಲುಗಳಷ್ಟು ಒತ್ತಡವನ್ನು ಇಳಿಸಬಲ್ಲುದು. ಆಗ ಗೀಸರಿನ ಅನಿಲಗಳು ಹೊರಹೋಗುವ ಬದಲು ಸ್ನಾನದ ಮನೆಗೇ ತಿರುಗಿಬರುತ್ತವೆ. ಆಮ್ಲಜನಕ ಸಾಲದೆ ಉರಿ ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡು ಹೆಚ್ಚುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಆಮೇಲೆ ಪ್ರಜ್ಞೆತಪ್ಪುವುದು. ಬಾಗಿಲು ಹಾಕಿಕೊಂಡು ಸ್ನಾನ ಮಾಡುತ್ತಿರುವವರು ಕೂಗಿಕೊಳ್ಳುವ ಮೊದಲೇ ಬಿದ್ದಿರುತ್ತಾರೆ. ಗ್ಯಾಸ್ ಗೀಸರಿನ ಅನಿಲದಿಂದ ಸ್ನಾನದ ಮನೆಯಲ್ಲಿ ಸತ್ತವರ ಸುದ್ದಿ ನಮ್ಮ ವೃತ್ತಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇದೆ. ಅವೆಲ್ಲವುಗಳಿಗೂ ಚಿಮ್ನಿಯೇ ಕಾರಣವೆಂದು ಹೇಳುತ್ತಿಲ್ಲ. ಹೊಗೆಗೊಳವೆಯೇ ಇಲ್ಲದ ಗೀಸರು ಮುಚ್ಚಿದ ಸ್ನಾನದ ಮನೆಯಲ್ಲಿ ತಾನೊಂದೇ ಸಾಕು ಕೊಲ್ಲಲು. ಆದರೆ ಗೀಸರು ಮನೆಯೊಳಗಿರುವಾಗ ಚಿಮ್ನಿ ಆ ಅಪಾಯವನ್ನು ಹೆಚ್ಚಿಸುತ್ತದೆಂಬುದರಲ್ಲಿ ಸಂದೇಹವಿಲ್ಲ. ಮಲೆನಾಡಿನ ಮನೆಗಳಲ್ಲಿ ಅಡುಗೆಗೆ ಗ್ಯಾಸು ಬಂದಿದ್ದರೂ ಬಚ್ಚಲಿನ ಹಂಡೆಗೆ ಸೌದೆಯ ಉರಿಯೇ ಇರುವುದುಂಟು. ಅಲ್ಲಿ ಚಿಮ್ನಿ ಹಾಕಿಸಿದ ಮೇಲೆ ಹಂಡೆಯ ಹೊಗೆ ಒಳಕ್ಕೆ ಬರತೊಡಗಿದರೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ.

ಜರ್ಮನಿಯಲ್ಲಿ ಕೋಣೆಯ ಗಾಳಿಯಿಂದಲೇ ಉರಿಯುವ ಒಲೆಯೊಡನೆ ಚಿಮ್ನಿಯನ್ನು ನಡೆಸುವಾಗ ಒತ್ತಡದ ಇಳಿತ 4 ಪಾಸ್ಕಲನ್ನು ಮೀರಕೂಡದೆಂದು ನಿಯಮವಿದೆ. ಕಿಟಕಿ ತೆರೆಯದ ಹೊರತು ಚಿಮ್ನಿ ಚಲಿಸದಂತೆ ಮಾಡುವ ಸ್ವಿಚ್ಚನ್ನು ಅಲ್ಲಿ ಕಿಟಕಿಗೇ ಅಳವಡಿಸುತ್ತಾರೆ. ನಮಗೆ ಅಂಥ ಸ್ವಿಚ್ಚಿಲ್ಲದಿದ್ದರೂ ಕೈಯಿದೆ. ಗಂಟೆಗೆ 500 ಘನ ಮೀಟರ್ ಗಾಳಿ 4 ಪಾಸ್ಕಲ್ ವ್ಯತ್ಯಾಸದಲ್ಲಿ ಒಳಬರಬೇಕಾದರೆ ಸುಮಾರು 900 ಚದರ ಸೆಂ.ಮೀ. ತೆರಪು ಬೇಕು. 90 ಸೆಂ.ಮೀ. ಎತ್ತರದ ಕಿಟಕಿಯನ್ನು 10 ಸೆಂ.ಮೀ., ಎಂದರೆ ಅರ್ಧ ಗೇಣಿನಷ್ಟು, ತೆರೆದರೆ ಸಾಕು. ಸೊಳ್ಳೆಯ ಪರದೆ ಇದ್ದರೆ ಇನ್ನಷ್ಟು ತೆರೆಯಬೇಕು. ಈ ಕಿಟಕಿ ಒಲೆಯಿಂದ ದೂರವಾಗಿ, ಸಾಧ್ಯವಾದರೆ ಪಕ್ಕದ ಕೋಣೆಯಲ್ಲಿರುವುದು ಒಳ್ಳೆಯದು. ಹೊಗೆಯ ಕಂಬ ಆಗ ಚದರುವುದಿಲ್ಲ. ಗೀಸರಿನ ಮಾತಿಗೆ ಬಂದರೆ, ಅದು ನಡೆಯುವಾಗ ಚಿಮ್ನಿ ನಿಂತಿರಲಿ. ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಪರೀಕ್ಷಿಸಿ ನೋಡಲು ಒಂದು ಊದುಬತ್ತಿ ಸಾಕು. ಗೀಸರನ್ನು ಹೊತ್ತಿಸದೆ, ಮನೆಯಲ್ಲಿ ಗ್ಯಾಸಿನ ವಾಸನೆ ಎಳ್ಳಷ್ಟೂ ಇಲ್ಲವೆಂದು ಖಚಿತಪಡಿಸಿಕೊಂಡು, ಹಿರಿಯರೊಬ್ಬರನ್ನು ಜೊತೆಗಿರಿಸಿಕೊಳ್ಳಿ. ಬಾಗಿಲು ಕಿಟಕಿಗಳನ್ನು ಮುಚ್ಚಿ ಚಿಮ್ನಿಯನ್ನು ಪೂರ್ಣವೇಗದಲ್ಲಿ ನಡೆಸಿ, ಊದುಬತ್ತಿಯನ್ನು ಹೊಗೆಗೊಳವೆಯ ಬುಡದಲ್ಲಿ ಹಿಡಿಯಿರಿ. ಹೊಗೆ ಕೊಳವೆಯಿಂದ ಕೋಣೆಯ ಕಡೆಗೆ ಬಾಗಿದರೆ ಗಾಳಿ ಹಿಮ್ಮುಖವಾಗಿದೆ. ಕಿಟಕಿಯನ್ನು ಸ್ವಲ್ಪಸ್ವಲ್ಪವಾಗಿ ತೆರೆಯುತ್ತ ಬಂದಂತೆ ಅದು ನೆಟ್ಟಗಾಗುವುದನ್ನು ಕಾಣಬಹುದು.

ಬೆಂಕಿಯ ವಿಷಯ

ಅಡುಗೆ ಎಣ್ಣೆಗಳು ಬಹುಮಟ್ಟಿಗೆ 200 ಡಿಗ್ರಿ ದಾಟಿದ ಮೇಲೆ ಹೊಗೆಯಾಡುತ್ತವೆ. ಇನ್ನೂ ಕಾದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತವೆ. ಬಾಣಲೆಗೆ ಬೆಂಕಿ ಬಿದ್ದಾಗ ಚಿಮ್ನಿ ನಡೆಯುತ್ತಿದ್ದರೆ ಅದು ಜ್ವಾಲೆಯನ್ನು ಜಿಡ್ಡು ತುಂಬಿದ ಜಾಲರಿಗೂ ಕೊಳವೆಗೂ ಒಯ್ಯುತ್ತದೆ. ಒಲೆಯ ತಿರುಗಣಿಯನ್ನೂ ಚಿಮ್ನಿಯನ್ನೂ ನಿಲ್ಲಿಸಿ, ಬಾಣಲೆಯನ್ನು ಅಗಲವಾದ ತಟ್ಟೆಯಿಂದ ಮುಚ್ಚಿಬಿಡಬೇಕು. ನೀರನ್ನು ಎಂದಿಗೂ ಸುರಿಯಬಾರದು. ನೀರು ಎಣ್ಣೆಗಿಂತ ಭಾರ. ತಳಕ್ಕಿಳಿದು, ಕ್ಷಣದಲ್ಲಿ ತನ್ನ ಗಾತ್ರದ ಸುಮಾರು 1700 ಪಟ್ಟು ಆವಿಯಾಗಿ, ಉರಿಯುವ ಎಣ್ಣೆಯನ್ನು ಚಾವಣಿಯವರೆಗೂ ಎರಚುತ್ತದೆ. ಪಾತ್ರೆಯಿಲ್ಲದೆ ಬರ್ನರನ್ನು ಉರಿಯಬಿಟ್ಟು ಹೋಗುವ ಅಭ್ಯಾಸ ಚಿಮ್ನಿಯಿರುವ ಮನೆಗೆ ಸಲ್ಲದು.

ಗ್ಯಾಸು ಸೋರಿದ ವಾಸನೆ ಬಂದಾಗ ಅದನ್ನು ಹೊರಹಾಕಲೆಂದು ಚಿಮ್ನಿಯ ಗುಂಡಿಯನ್ನು ಒತ್ತುವವರಿದ್ದಾರೆ. ಇದು ಎರಡು ಬಗೆಯಲ್ಲಿ ತಪ್ಪು. ಗಾಳಿಯ ಸರಾಸರಿ ಅಣುಭಾರ 29, ಪ್ರೊಪೇನಿನದು 44, ಬ್ಯೂಟೇನಿನದು 58. ಸಿಲಿಂಡರಿನ ಅನಿಲ ನೆಲದ ಮೇಲೆ ನೀರಿನಂತೆ ಹರಡಿಕೊಳ್ಳುತ್ತದೆ. ಆಳೆತ್ತರದಲ್ಲಿರುವ ಚಿಮ್ನಿಗೆ ಅದು ನಿಲುಕದು. ಎರಡನೆಯದಾಗಿ, ಸ್ವಿಚ್ಚಿನಲ್ಲಿ ಹಾರುವ ಒಂದು ಸಣ್ಣ ಕಿಡಿ ಸಾಕು. ಈಚೆಗೆ ಬೆಂಗಳೂರು ಮೊದಲಾದ ನಗರಗಳ ಕೆಲವು ಮನೆಗಳಿಗೆ ಕೊಳವೆಯಲ್ಲಿ ಬರುತ್ತಿರುವ ಅನಿಲ ಮುಖ್ಯವಾಗಿ ಮೀಥೇನ್. ಅದರ ಅಣುಭಾರ 16. ಅದು ಮೇಲಕ್ಕೇರಿ ಚಿಮ್ನಿಯ ಮೋಟಾರಿನ ಬಳಿಯೇ ಸೇರುವುದರಿಂದ ಅಲ್ಲಿಯಂತೂ ಅಪಾಯ ಇಮ್ಮಡಿ. ಯಾವ ಸ್ವಿಚ್ಚನ್ನೂ ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರನ್ನೋ ಕವಾಟವನ್ನೋ ಮುಚ್ಚಿ, ಬಾಗಿಲು ಕಿಟಕಿಗಳನ್ನು ಅಗಲವಾಗಿ ತೆರೆದು ಹೊರಬಂದು ಕರೆಮಾಡಿ. ಸಿಲಿಂಡರಿನ ಅನಿಲಕ್ಕೆ ಸಂಬಂಧಿಸಿದ ತುರ್ತುಕರೆಯ ಸಂಖ್ಯೆ 1906.

ಉಳಿದ ಜಾಗರೂಕತೆಗಳು ಎಲ್ಲ ವಿದ್ಯುತ್ ಉಪಕರಣಗಳಿಗೂ ಸಾಮಾನ್ಯ. ಹೊರಕವಚ ಲೋಹದ್ದಾದ್ದರಿಂದ ಮೂರು ಕಾಲಿನ ಪ್ಲಗ್ಗು ಮತ್ತು ನಿಜವಾಗಿಯೂ ನೆಲಕ್ಕೆ ಸೇರಿದ ಅರ್ಥಿಂಗ್ ಬೇಕು. ಪ್ಲಗ್ಗು ಒಲೆಯ ನೇರ ಮೇಲಿರಬಾರದು. ಟೊಳ್ಳು ಸಿಮೆಂಟ್ ಇಟ್ಟಿಗೆಯ ಗೋಡೆಯಾದರೆ ಇಷ್ಟು ಭಾರದ ಪೆಟ್ಟಿಗೆಗೆ ಸಾದಾ ಮೊಳೆಯ ಹಿಡಿತ ಸಾಲದು.

ಜಿಡ್ಡಿನ ಗುಣ

ಜಾಲರಿಗಳಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ಬ್ಯಾಫಲ್ ಎಂಬ ಬಗೆಯದು. ಇದರಲ್ಲಿ ಉಕ್ಕಿನ ಬಾಗಿದ ಪಟ್ಟಿಗಳು ಒಂದಕ್ಕೊಂದು ಎದುರಾಗಿ ಕುಳಿತಿರುತ್ತವೆ. ಗಾಳಿ ಅವುಗಳ ನಡುವೆ ಹಾವಿನಂತೆ ತಿರುಗಿ ಸಾಗಬೇಕು. ಗಾಳಿ ತಿರುಗುತ್ತದೆ, ಅದರಲ್ಲಿರುವ ಎಣ್ಣೆಯ ಹನಿ ಜಡತ್ವದ ದೆಸೆಯಿಂದ ನೆಟ್ಟಗೆ ಹೋಗಿ ಪಟ್ಟಿಗೆ ಬಡಿದು ಅಂಟಿಕೊಳ್ಳುತ್ತದೆ. ಬಸ್ಸು ಹಠಾತ್ತಾಗಿ ತಿರುಗಿದಾಗ ನಿಂತಿರುವ ಪ್ರಯಾಣಿಕ ಪಕ್ಕದವರ ಮೇಲೆ ಬೀಳುವುದೂ ಇದೇ ನಿಯಮದಿಂದ. ಪಂಕ ನಿಧಾನವಾದರೆ ಹನಿಗಳು ಗಾಳಿಯೊಡನೆಯೇ ತಿರುಗಿಬಿಡುತ್ತವೆ. ತೀರ ಸಣ್ಣ ಹನಿಗಳಂತೂ ಯಾವ ವೇಗದಲ್ಲಿಯೂ ಪಟ್ಟಿಗೆ ಸಿಕ್ಕುವುದಿಲ್ಲ. ಅವು ಕೊಳವೆಯ ಮೂಲಕ ಹೊರಹೋಗುತ್ತವೆ, ಹೋಗಲಿ.

ಹಿಡಿದ ಎಣ್ಣೆ ಎಣ್ಣೆಯಾಗಿಯೇ ಉಳಿಯುವುದಿಲ್ಲವೆಂಬುದು ಸ್ವಾರಸ್ಯವಾದ ವಿಷಯ. ಅಪರ್ಯಾಪ್ತ ಕೊಬ್ಬಿನ ಆಮ್ಲಗಳಿರುವ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅಣುಗಳು ಒಂದಕ್ಕೊಂದು ಬೆಸೆದು, ಮೊದಲು ಅಂಟಾಗಿ ಅನಂತರ ಗಟ್ಟಿಯಾದ ಪೊರೆಯಾಗುತ್ತದೆ. ಬಣ್ಣದ ಕೆಲಸದಲ್ಲಿ ಅಗಸೆ ಎಣ್ಣೆಯನ್ನು ಬಳಸುವುದು ಈ ಗುಣಕ್ಕಾಗಿಯೇ. ಉತ್ತರ ಕರ್ನಾಟಕದ ಅಡುಗೆಯ ಕುಸುಬೆ ಎಣ್ಣೆಯೂ ಈ ಜಾತಿಗೆ ಸೇರಿದ್ದು. ಬಣ್ಣ ಮತ್ತು ವಾರ್ನಿಷುಗಳ ತಯಾರಿಕೆಯಲ್ಲಿ ಅದಕ್ಕೆ ಸ್ಥಾನವುಂಟು. ಸೂರ್ಯಕಾಂತಿ ಎಣ್ಣೆ ಅದಕ್ಕೆ ಹತ್ತಿರದ್ದು. ಕರಾವಳಿಯ ಕೊಬ್ಬರಿ ಎಣ್ಣೆಯಲ್ಲಿ ಸುಮಾರು ನೂರಕ್ಕೆ 90 ಪಾಲು ಪರ್ಯಾಪ್ತ ಆಮ್ಲಗಳಿರುವುದರಿಂದ ಅದು ಹೀಗೆ ಗಟ್ಟಿಯಾಗದು. ಬಿಸಿನೀರಿಗೆ ಕರಗಿ ಇಳಿಯುತ್ತದೆ. ವಿಜಯಪುರದ ಮನೆಯ ಜಾಲರಿಯನ್ನೂ ಮಂಗಳೂರಿನ ಮನೆಯ ಜಾಲರಿಯನ್ನೂ ಒಂದೇ ಅವಧಿಗೆ ತೊಳೆಯಬೇಕೆಂಬ ಕೈಪಿಡಿಯ ಸೂಚನೆ ಎರಡು ಊರಿನ ಬಾಣಲೆಗಳನ್ನೂ ನೋಡದೆ ಬರೆದದ್ದು. ಒಗ್ಗರಣೆ, ಕರಿಯುವುದು ಹೆಚ್ಚಾಗಿರುವ ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಜಿಡ್ಡು ಇನ್ನೂ ಅಂಟಿನ ಹಂತದಲ್ಲಿರುವಾಗಲೇ ತೊಳೆದರೆ ಬಿಸಿನೀರು ಸಾಬೂನುಗಳೇ ಸಾಕು. ಕಂದು ಪೊರೆಯಾದ ಮೇಲೆ ಉಜ್ಜುವವರ ಕೈಗೆ ಶಿಕ್ಷೆ.

'ತಾನೇ ಶುಚಿಯಾಗುವ' ಚಿಮ್ನಿಗಳಲ್ಲಿ ಒಂದು ಕಾಯಿಸುವ ತಂತಿ ಪಂಕದ ಸುತ್ತಲಿನ ಜಿಡ್ಡನ್ನು ಕರಗಿಸುತ್ತದೆ. ಕರಗಿದ್ದು ಒಂದು ಬಟ್ಟಲಿಗೆ ಬೀಳುತ್ತದೆ. ಆ ಬಟ್ಟಲು ತಾನೇ ಖಾಲಿಯಾಗುವುದಿಲ್ಲ. ತುಂಬಿದ ಎಣ್ಣೆ ಉರಿಯುವ ಒಲೆಯ ಮೇಲೆಯೇ ತೊಟ್ಟಿಕ್ಕುವುದರಿಂದ ವಾರಕ್ಕೊಮ್ಮೆಯಾದರೂ ಅದನ್ನು ತೆಗೆದು ನೋಡಬೇಕು. ಕೊಳವೆಯ ಒಳಭಾಗಕ್ಕೆ ಈ ಶಾಖ ತಲುಪುವುದೂ ಇಲ್ಲ. ವರ್ಷಕ್ಕೊಮ್ಮೆ ಕೊಳವೆಯನ್ನು ಕಳಚಿಸಿ ಒರೆಸಿಸಬೇಕು.

ಗಟ್ಟಿಯಾದ ಜಿಡ್ಡಿಗೆ ಕಾಸ್ಟಿಕ್ ಸೋಡವನ್ನು ಸೂಚಿಸುವವರಿದ್ದಾರೆ. ಅದು ಎಣ್ಣೆಯನ್ನು ಸಾಬೂನಾಗಿ ಪರಿವರ್ತಿಸುವುದು ನಿಜವೇ. ಆದರೆ ಚರ್ಮವೂ ಕಣ್ಣೂ ಅದಕ್ಕೆ ಎಣ್ಣೆಗಿಂತ ಬೇರೆಯಲ್ಲ. ಮೇಲಾಗಿ ಹಲವು ಜಾಲರಿಗಳು ಅಲ್ಯುಮಿನಿಯಮ್ಮಿನವು. ಕಾಸ್ಟಿಕ್ ಸೋಡದ ದ್ರಾವಣದಲ್ಲಿ ಅಲ್ಯುಮಿನಿಯಂ ಕರಗಿ ಸೋಡಿಯಂ ಅಲ್ಯುಮಿನೇಟ್ ಆಗುತ್ತದೆ, ಉರಿಯುವ ಜಲಜನಕ ಗುಳ್ಳೆಗಳಾಗಿ ಹೊರಡುತ್ತದೆ. ಪ್ರಯೋಗಶಾಲೆಯಲ್ಲಿ ಜಲಜನಕ ತಯಾರಿಸುವ ಈ ವಿಧಾನವನ್ನು ಅಡುಗೆಮನೆಯ ಬಕೆಟ್ಟಿನಲ್ಲಿ ನಡೆಸುವ ಅಗತ್ಯವಿಲ್ಲ. ಬಟ್ಟೆ ಬಿಳುಪು ಮಾಡುವ ದ್ರಾವಣವನ್ನು ಆಮ್ಲದೊಡನೆ ಬೆರೆಸಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆಂಬುದನ್ನೂ ಇಲ್ಲಿಯೇ ಹೇಳಬೇಕು. ಸೌಮ್ಯವಾದ ಸಾಬೂನು, ಕುದಿಗಿಂತ ಸ್ವಲ್ಪ ಕೆಳಗಿನ ಬಿಸಿಯ ನೀರು, ಅರ್ಧ ಗಂಟೆಯ ನೆನೆ, ಒಂದು ಹಳೆಯ ಬ್ರಷ್ಷು. ತೊಳೆಯಲು ತೊಡಗುವ ಮೊದಲು ಪ್ಲಗ್ಗನ್ನೇ ಕೀಳಬೇಕು. ಸ್ವಿಚ್ಚು ಆರಿಸಿದರೆ ಸಾಲದು. ತೊಳೆದ ಜಾಲರಿಯನ್ನು ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಿ, ಪಟ್ಟಿಗಳ ಮಡಿಕೆಯಲ್ಲಿ ನೀರು ನಿಂತಿಲ್ಲವೆಂದು ಅಲುಗಿಸಿ ನೋಡಿ, ಆಮೇಲೆ ಕೂಡಿಸಬೇಕು. ಇಲ್ಲವಾದರೆ ಮಾರನೆಯ ದಿನದ ಒಗ್ಗರಣೆಯ ಬಾಣಲೆಗೆ ಮೇಲಿನಿಂದ ನೀರಿನ ಹನಿಗಳು ಬೀಳುತ್ತವೆ.